ಗಾಜಿನ ಕಪಾಟಿನಲ್ಲಿ ಒಂಬತ್ತು ದಿನ

ನಿವೃತ್ತಳಾದೆ ಎಂದು ಹೇಳಿಕೊಳ್ಳುವ ವಯಸ್ಸು ನನ್ನದಲ್ಲ. ಒಂಬತ್ತು ವರ್ಷ ಮುಖ್ಯ ಸೇವಿಕೆಯಾಗಿ ದುಡಿದು ಮೂವತ್ತೆರಡಕ್ಕೆ ರಾಜೀನಾಮೆ ಕೊಟ್ಟೆ. ಏಕೆ ಕೊಟ್ಟೆ ಎಂಬುದು ಮನೆಯ ವಿಷಯ, ಇಲ್ಲಿ ಬೇಡ. ಅದೇ ಕೆಲಸಕ್ಕೆ ಈಗ ಸೇರುತ್ತಿರುವ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದಿದ್ದರು. ಕಚೇರಿಯಿಂದಲೇ ಅವರಿಗೆ ಕ್ಯಾಮೆರಾ ಕೊಡುತ್ತಾರಂತೆ. ಫೋಟೊ ತೆಗೆಯುವುದು ಹೇಗೆ ಎಂದು ಕೇಳಿದರು. ಬಿಸಿಲು ನಿಮ್ಮ ಬೆನ್ನಿಗಿರಲಿ, ಗುಂಡಿ ಒತ್ತುವಾಗ ಉಸಿರು ಬಿಗಿಹಿಡಿಯಿರಿ ಎಂದು ಹೇಳಿ, ಚಹಾ ಕೊಟ್ಟು ಕಳಿಸಿದೆ. ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ತೆಗೆದ ಒಂದು ಚಿತ್ರದಿಂದ ಇನ್ನೊಬ್ಬಳ ನೌಕರಿ ಹೋಗುವುದರಲ್ಲಿತ್ತು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಈ ಎರಡಕ್ಕೂ ಸಂಬಂಧವಿದೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ತಾಲೂಕಿನ ವಿಕಾಸ ಕಚೇರಿಯಲ್ಲಿ ಬಿ.ಡಿ.ಓ. ಸಾಹೇಬರ ಕೈಕೆಳಗೆ ಒಬ್ಬಳು ಮುಖ್ಯ ಸೇವಿಕೆ. ಅವಳ ಕೈಕೆಳಗೆ ಹಳ್ಳಿಗಳಲ್ಲಿ ಇಬ್ಬರೋ ಮೂವರೋ ಗ್ರಾಮ ಸೇವಿಕೆಯರು. ಹೆಂಗಸರನ್ನು ಒಂದೆಡೆ ಕೂಡಿಸುವುದು, ಹೊಲಿಗೆ ಕಲಿಸುವುದು, ಹೊಗೆಯಿಲ್ಲದ ಒಲೆ ಹಾಕಿಸುವುದು, ಕೂಸುಗಳಿಗೆ ಹಾಲಿನ ಪುಡಿ ಕದಡಿ ಕುಡಿಸುವುದು, ತಿಂಗಳ ಕೊನೆಗೆ ಇದೆಲ್ಲ ಆಯಿತೆಂದು ವಿಜಾಪುರಕ್ಕೆ ವರದಿ ಬರೆಯುವುದು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದ ನನಗೆ ವರದಿ ಬರೆಯುವುದು ಬರುತ್ತಿತ್ತು. ಉಳಿದದ್ದನ್ನು ಕಲಿಯಬೇಕಾಯಿತು.

ಮೊದಲು ಕೆಲಸಕ್ಕೆ ಸೇರಿದ್ದು ಇಂಡಿಯಲ್ಲಿ. ಅಲ್ಲಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಮೊದಲ ಹೊಗೆಯಿಲ್ಲದ ಒಲೆ ಹಾಕಿಸಿದೆ. ತರಬೇತಿಯ ಪುಸ್ತಕದಲ್ಲಿ ಹೆಂಚಿನ ಮನೆಯ ಚಿತ್ರವಿತ್ತು. ಒಲೆಯಿಂದ ಕೊಳವೆ ಹೊರಟು ಮಾಡಿನ ಆಚೆಗೆ ಹೊಗೆ ಬಿಡುತ್ತದೆ. ಆದರೆ ನಮ್ಮ ಕಡೆಯ ಮನೆಗಳಿಗೆ ಮಣ್ಣಿನ ಸಪಾಟು ಮಾಳಿಗೆ. ಗೋಡೆಗೆ ಗೋಡೆ ಹತ್ತಿಕೊಂಡು, ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಹಪ್ಪಳ, ಶ್ಯಾವಿಗೆ, ಮೆಣಸಿನಕಾಯಿ ಎಲ್ಲ ಒಣಗುವುದು ಅಲ್ಲೇ. ಮರುದಿನ ನೆರೆಮನೆಯಾಕೆ ಕಪ್ಪು ಹಿಡಿದ ಶ್ಯಾವಿಗೆಯ ಮೊರ ಹೊತ್ತುಕೊಂಡು ನನ್ನೆದುರು ನಿಂತಳು.

"ಬಾಯಾರ, ಇದು ಹೊಗಿ ಇಲ್ಲದ ಒಲಿ ಅಲ್ರಿ. ಆಕಿ ಹೊಗಿ ನನ್ನ ಮ್ಯಾಲೆ ಹಾಕೋ ಒಲಿ."

ಆ ತಿಂಗಳ ವರದಿಯಲ್ಲಿ ‘ಹಾಕಿಸಿದ ಒಲೆಗಳು: ಒಂದು’ ಎಂದು ಬರೆದೆ. ಶ್ಯಾವಿಗೆಯ ವಿಷಯ ಬರೆಯಲಿಲ್ಲ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಎರಡು ವರ್ಷಕ್ಕೆ ಸಿಂದಗಿಗೆ ವರ್ಗವಾಯಿತು. ಅಲ್ಲಿ ಆಲಮೇಲದ ಕಡೆಯ ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ಗ್ರಾಮ ಸೇವಿಕೆ ಹಸೀನಾ. ನನಗಿಂತ ಎರಡು ವರ್ಷ ಚಿಕ್ಕವಳು, ಮ್ಯಾಟ್ರಿಕ್ ಪಾಸು. ಅವಳದು ಹಂಗಾಮಿ ನೌಕರಿ. ಆರು ತಿಂಗಳಿಗೊಮ್ಮೆ ಸಾಹೇಬರು ‘ಮುಂದುವರಿಸಬಹುದು’ ಎಂದು ಬರೆದರೆ ಉಂಟು, ಇಲ್ಲವಾದರೆ ಇಲ್ಲ. ತಂದೆ ತೀರಿಕೊಂಡಿದ್ದರು. ತಾಯಿ ಇಂಗಳೇಶ್ವರದಲ್ಲಿ ಇವಳ ಸಂಬಳ ನೆಚ್ಚಿಕೊಂಡಿದ್ದಳು. ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ ಅಣ್ಣ ಒಮ್ಮೆ ಊರಿಗೆ ಬಂದಾಗ ತಂಗಿಗೆ ಸಣ್ಣದೊಂದು ಕ್ಯಾಮೆರಾ ತಂದುಕೊಟ್ಟಿದ್ದ.

ಎರಡೂ ಅಂಗೈ ಕೂಡಿಸಿದರೆ ಮುಚ್ಚಿಹೋಗುವಷ್ಟು ಕರಿಯ ಡಬ್ಬಿ ಅದು. ಹೊಂದಿಸುವ ಗೊಡವೆ ಹೆಚ್ಚಿಲ್ಲ. ಮೇಲೊಂದು ಕಡ್ಡಿ, ಬಿಸಿಲಿದ್ದರೆ ಈಚೆಗೆ, ಮೋಡವಿದ್ದರೆ ಆಚೆಗೆ. ನಾಲ್ಕು ಹೆಜ್ಜೆ ದೂರ ನಿಲ್ಲಬೇಕು, ಕಿಂಡಿಯಲ್ಲಿ ನೋಡಬೇಕು, ಗುಂಡಿ ಒತ್ತಬೇಕು. ಬೆನ್ನಿನ ಮೇಲಿನ ಸಣ್ಣ ಕೆಂಪು ಗಾಜಿನಲ್ಲಿ ಮುಂದಿನ ಅಂಕಿ ಕಾಣುವ ತನಕ ರೀಲು ತಿರುವಬೇಕು. ಒಂದು ರೀಲಿಗೆ ಹನ್ನೆರಡು ಚಿತ್ರ. ಯಾರು ಬೇಕಾದರೂ ತೆಗೆಯಬಹುದಾದ ಕ್ಯಾಮೆರಾ ಅದು ಎಂದು ನೋಡಿದ ಕೂಡಲೇ ಅಂದುಕೊಂಡೆ.

ಆ ತಿಂಗಳು ಏಳು ಪುಟದ ವರದಿ ಬರೆದಿದ್ದೆ. ಹಸೀನಾ ಒಂದು ಫೋಟೊ ತಂದು, "ಇದನ್ನೂ ಹಚ್ಚಿ ಕಳಸ್ರಿ ಬಾಯಾರ, ಇರ್ಲಿ" ಎಂದಳು. ಐದಾರು ಹೆಂಗಸರು ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ಅಕ್ಷರ ತಿದ್ದುತ್ತಿದ್ದ ಚಿತ್ರ. ಒಬ್ಬಾಕೆ ಪಕ್ಕದವಳ ಪಾಟಿಯನ್ನು ಕದ್ದು ನೋಡುತ್ತಿದ್ದಳು. ಸಾಹೇಬರು ನನ್ನ ಏಳು ಪುಟಗಳನ್ನು ಕೈಯಲ್ಲಿ ತೂಗಿ, "ಛಲೋ ಬರದೀರಿ, ಓದ್ಬೇಕು" ಎಂದು ಪಕ್ಕಕ್ಕಿಟ್ಟರು. ಫೋಟೊವನ್ನು ಜವಾನನಿಗೂ ತೋರಿಸಿದರು. ವಿಜಾಪುರದಿಂದ ಬಂದ ಉತ್ತರದಲ್ಲಿ, ಚಿತ್ರ ಮೆಚ್ಚುಗೆಯಾಗಿದೆ, ಇನ್ನು ಮುಂದೆ ಎಲ್ಲ ವರದಿಗಳಿಗೂ ಚಿತ್ರ ಲಗತ್ತಿಸತಕ್ಕದ್ದು ಎಂದಿತ್ತು. ಏಳು ಪುಟಗಳ ಬಗ್ಗೆ ಒಂದಕ್ಷರವಿರಲಿಲ್ಲ. ನಮ್ಮ ಕೆಲಸದ ರೀತಿ ಬದಲಾದದ್ದು ಹಾಗೆ. ಬರೆಯುವವಳು ಹಿಂದೆ ಸರಿದಳು, ತೋರಿಸುವವಳು ಮುಂದೆ ಬಂದಳು.

ಹಸೀನಾಳ ಕೆಲಸದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಪ್ರತಿ ಚಿತ್ರಕ್ಕೆ ಎರಡು ಪ್ರತಿ ಮಾಡಿಸುವಳು. ಒಂದು ವರದಿಗೆ. ಇನ್ನೊಂದನ್ನು, ಜೊತೆಗೆ ಕತ್ತರಿಸಿದ ನೆಗೆಟಿವನ್ನೂ, ಚಿತ್ರದಲ್ಲಿದ್ದ ಹೆಂಗಸಿಗೆ ಕೊಟ್ಟುಬಿಡುವಳು. ನೆಗೆಟಿವ್ ಸ್ಟುಡಿಯೊದಲ್ಲಿ ಉಳಿದರೆ ಅದರಿಂದ ಮತ್ತೆಷ್ಟು ಬೇಕಾದರೂ ತೆಗೆಯಬಹುದು ಎಂಬುದು ಹೆಂಗಸರಿಗೆ ಹೇಗೋ ಗೊತ್ತಾಗಿತ್ತು. ಅದು ತಮ್ಮ ಕೈಗೆ ಬಂದರೆ ಮಾತ್ರ ಮುಖ ಕೊಟ್ಟು ನಿಲ್ಲುತ್ತಿದ್ದರು. ನೆಗೆಟಿವ್ ಕೊಡುವ ದಿನ ಅಲ್ಲೊಂದು ಗಲಾಟೆ. ಬೆಳಕಿಗೆ ಹಿಡಿದರೆ ಮುಖ ಕಪ್ಪು, ಕೂದಲು ಬಿಳಿ.

"ಯವ್ವಾ, ನನ್ನ ತಲಿ ಎಲ್ಲಾ ಬೆಳ್ಳಗ ಆಗೈತಿ."

"ಅತ್ತಿ ಆದಮ್ಯಾಲೆ ನೀ ಹಿಂಗ ಕಾಣ್ತಿ ನೋಡವಾ. ಸೊಸಿ ಮುಂಚೇನ ನೋಡಿ ಓಡಿ ಹೋಗ್ಲಿ."

"ಹಸೀನಾಕ್ಕ, ಈಕಿದು ಸುಮ್ಮನ ಹಂಗ ಕೊಡು. ಖರೇ ಬಣ್ಣ ಇದ ಐತಿ."

ನನಗೆ ಇದು ಅಶಿಸ್ತು ಎನಿಸಿತು. ಅವಳನ್ನು ಕರೆದು ಕೇಳಿದೆ. "ನೆಗೆಟಿವ್ ಕೊಟ್ಟುಬಿಟ್ರ ನಿಮ್ಮ ಹತ್ರ ದಾಖಲೆ ಏನು ಉಳಿತೈತಿ? ನಾಳೆ ಮತ್ತೊಂದು ಪ್ರತಿ ಬೇಕಾದ್ರ?"

"ಬ್ಯಾಡಾಗ್ತೈತ್ರಿ."

"ಬೇಕಾದ್ರ ಅಂತ ಕೇಳಾಕತ್ತೇನಿ."

"ಮಾರಿ ಅವರದು, ಕಾಗದ ಸರಕಾರದ್ದು. ಕಾಗದ ಕೊಟ್ಟೇನಲ್ರಿ ಬಾಯಾರ."

ಅವಳು ತೆಗೆದ ಅಷ್ಟೂ ಒಳ್ಳೆಯ ಚಿತ್ರಗಳಲ್ಲಿ ಒಂದರ ನೆಗೆಟಿವೂ ಅವಳ ಬಳಿ ಇರಲಿಲ್ಲ. ಅದರ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ. ನನಗೆ ಮೊದಲು ಹೊಟ್ಟೆ ಉರಿದದ್ದು ಚಿತ್ರ ಕಂಡಲ್ಲ, ಈ ಬೇಸರವಿಲ್ಲದ್ದನ್ನು ಕಂಡು.

ಸಂಬಳ ಉಳಿಸಿ, ಸೊಲ್ಲಾಪುರಕ್ಕೆ ಹೋಗಿ ನಾನೂ ಒಂದು ಕ್ಯಾಮೆರಾ ತಂದೆ. ಅವಳದರಂಥದೇ ಸಣ್ಣ ಜಾತಿ, ಆದರೆ ಹೊಸದು, ಗಾಜು ಹೆಚ್ಚು ಸ್ವಚ್ಛ, ಚರ್ಮದ ಚೀಲವೂ ಇತ್ತು. ಜೊತೆಗೆ ಬಂದ ಪುಸ್ತಿಕೆಯನ್ನು ನಾಲ್ಕು ಸಲ ಓದಿದೆ. ಮೊದಲ ರೀಲಿನಲ್ಲಿ ಮೂವರ ತಲೆ ಕತ್ತರಿಸಿತ್ತು, ಎರಡರಲ್ಲಿ ನನ್ನದೇ ನೆರಳು ಎಲ್ಲರ ಕಾಲ ಮೇಲೆ ಬಿದ್ದಿತ್ತು. ಅದನ್ನು ತಿದ್ದಿಕೊಂಡೆ. ಎರಡನೆಯ ರೀಲಿನ ಹನ್ನೆರಡೂ ತಪ್ಪಿಲ್ಲದೆ ಬಂದವು. ಬೆಳಕು ಸರಿ, ಅಂಚು ಸರಿ, ಎಲ್ಲರೂ ಪೂರ್ತಿ ಇದ್ದರು. ಇದ್ದು, ಫೌಜುದಾರರ ಮುಂದೆ ಹಾಜರಾದವರ ಹಾಗೆ ನಿಂತಿದ್ದರು.

ಹಸೀನಾ ಒಂದೊಂದಾಗಿ ನೋಡಿದಳು. "ಸ್ವಚ್ಛ ಬಂದಾವ್ರಿ. ಎಣಿಸಬ್ಯಾಡ್ರಿ ಬಾಯಾರ."

"ಏನು?"

"ನೀವು ಒಂದು, ಎರಡು, ಮೂರು ಅಂತೀರಲ್ರಿ. ಮೂರಕ್ಕ ಎಲ್ಲಾರೂ ಉಸಿರು ಹಿಡಿತಾರ. ಉಸಿರು ಹಿಡದ ಮಾರಿ ಹೆಂಗ ಇರತೈತಿ, ನೀವ ನೋಡ್ರಿ."

ಸರಿಯಾದ ಮಾತು. ಸರಿಯಾಗಿತ್ತೆಂದೇ ಅದನ್ನು ಮೂರು ವರ್ಷ ಪಾಲಿಸಲಿಲ್ಲ.

ಹೊಟ್ಟೆಕಿಚ್ಚು ದೊಡ್ಡ ದೊಡ್ಡ ಕೆಲಸ ಮಾಡಿಸುತ್ತದೆ ಎಂದು ಓದಿದ್ದೆ. ನನ್ನಿಂದ ಅದು ಸಣ್ಣ ಕೆಲಸಗಳನ್ನೇ ಮಾಡಿಸಿತು. ಅವಳ ಚಿತ್ರವನ್ನು ವರದಿಯ ಕೊನೆಯ ಪುಟಕ್ಕೆ, ನನ್ನದನ್ನು ಮೊದಲ ಪುಟಕ್ಕೆ ಹಚ್ಚುತ್ತಿದ್ದೆ. ಒಮ್ಮೆ ಅವಳದಕ್ಕೆ ಅಂಟು ಹೆಚ್ಚಾಗಿ ಮೂಲೆ ಸುಕ್ಕಾಯಿತು. ಅಕಸ್ಮಾತ್ ಆದದ್ದು ಎಂದು ಇದುವರೆಗೂ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಊರ ಹೆಂಗಸರು ನನ್ನನ್ನು ಬಾಯಾರು ಎನ್ನುತ್ತಿದ್ದರು, ಅವಳನ್ನು ಹಸೀನಾಕ್ಕ. ನಾನು ಹೊಸ್ತಿಲು ದಾಟಿದರೆ ಚಾಪೆ ಹಾಸುತ್ತಿದ್ದರು, ಅವಳು ದಾಟಿದರೆ ಕೈಗೆ ಮೊರ ಕೊಟ್ಟು ಜೋಳ ಹಸನು ಮಾಡಲು ಕೂಡಿಸಿಕೊಳ್ಳುತ್ತಿದ್ದರು. ಚಾಪೆಯ ಮೇಲೆ ಕೂತು ಆ ಮೊರವನ್ನು ನೋಡುತ್ತಿದ್ದೆ.

ಮುದ್ದೇಬಿಹಾಳಕ್ಕೆ ವರ್ಗವಾದಾಗ ಹಗುರವೆನಿಸಿತು. ಅಲ್ಲಿನ ಕಚೇರಿಯಲ್ಲಿ ಇದ್ದದ್ದು ನನ್ನದೊಂದೇ ಕ್ಯಾಮೆರಾ. ಪಕ್ಕದಲ್ಲಿ ಇಟ್ಟು ನೋಡಲು ಇನ್ನೊಂದು ಇಲ್ಲದ್ದರಿಂದ ನನ್ನ ಚಿತ್ರಗಳು ಚೆನ್ನಾಗಿವೆ ಎಂದು ಎರಡು ವರ್ಷ ನಂಬಿದ್ದೆ. ಅಲ್ಲಿ ಆದ ಒಂದು ಫಜೀತಿಯನ್ನು ಹೊಸಬರಿಗಾಗಿ ಹೇಳುತ್ತೇನೆ. ಒಂದು ಬಾಲವಾಡಿಯ ಉದ್ಘಾಟನೆ. ಹೋಗುವ ದಾರಿಯಲ್ಲಿ ಮಹಿಳಾ ಮಂಡಲ ಸಾಕಿದ್ದ ಆಡಿನದೊಂದು ಚಿತ್ರ ತೆಗೆದು, ಗಡಿಬಿಡಿಯಲ್ಲಿ ರೀಲು ತಿರುವಲು ಮರೆತೆ. ಅದರ ಮೇಲೆಯೇ ಸಾಹೇಬರ ಭಾಷಣ ಬಿತ್ತು. ತೊಳೆಸಿ ತಂದಾಗ ಸಾಹೇಬರ ಕೋಟಿನ ನಡುವೆ ಆಡು ನಿಂತಿತ್ತು, ಬಾಲ ಸಹಿತ.

ಸಾಹೇಬರು ಈರುಳ್ಳಿಯನ್ನೂ ತಿನ್ನದವರು. ಬಹಳ ಹೊತ್ತು ನೋಡಿ ಕೇಳಿದರು. "ಬಾಯಾರ, ಇದು ನನ್ನ ಹೊಟ್ಟ್ಯಾಗ ಹೆಂಗ ಹೋತ್ರಿ?"

ಹಿರಿಯ ಕಾರಕೂನರು ಫೈಲಿನಿಂದ ತಲೆ ಎತ್ತದೆ ಹೇಳಿದರು. "ಉದ್ಘಾಟನಿ ಊಟ ಇರಬೇಕ್ರಿ ಸಾಹೇಬ್ರ."

ಅಂದಿನಿಂದ ಗುಂಡಿ ಒತ್ತಿದ ಕೂಡಲೇ ರೀಲು ತಿರುವುವುದನ್ನು ರೂಢಿಸಿಕೊಂಡೆ. ನೀವೂ ರೂಢಿಸಿಕೊಳ್ಳಿ.

ಆಮೇಲೆ ಬಸವನ ಬಾಗೇವಾಡಿ. ಕೆಲಸಕ್ಕೆ ಹಾಜರಾದ ದಿನ ಸೇವಿಕೆಯರ ಪಟ್ಟಿ ನೋಡಿದೆ. ಹೂವಿನ ಹಿಪ್ಪರಗಿಯ ಎದುರಿಗೆ ಹಸೀನಾಳ ಹೆಸರಿತ್ತು. ತಾಯಿಗೆ ಹತ್ತಿರವಾಗಲೆಂದು ಕೇಳಿ ಹಾಕಿಸಿಕೊಂಡು ಬಂದಿದ್ದಳು. ನೌಕರಿ ಇನ್ನೂ ಹಂಗಾಮಿಯೇ.

ಹೂವಿನ ಹಿಪ್ಪರಗಿಯಲ್ಲಿ ಅವಳು ಯಾರಿಗೂ ಆಗದ್ದನ್ನು ಮಾಡಿದ್ದಳು. ಗೌಡರ ವಾಡೆಯ ಒಳ ಪಡಸಾಲೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಿದ್ದಳು. ಆ ಮನೆಯ ಹೆಂಗಸರು ಹೊರಗೆ ಬರುವವರಲ್ಲ. ತರಗತಿಯೇ ಒಳಗೆ ಹೋದದ್ದರಿಂದ ಆ ಮನೆಯವರಲ್ಲದೆ ಓಣಿಯ ಹದಿನಾಲ್ಕು ಹೆಂಗಸರು ಧೈರ್ಯವಾಗಿ ಬರುತ್ತಿದ್ದರು. ವಾಡೆಗೆ ಹೋಗುತ್ತೇವೆ ಎಂದರೆ ಯಾರ ಗಂಡನೂ ಬೇಡ ಎನ್ನುವಂತಿರಲಿಲ್ಲ. ಮನೆಯ ಹಿರಿಯಳು ಗೌಡಸಾನಿ, ಅರವತ್ತು ದಾಟಿದವಳು. ನನ್ನ ಮೊದಲ ಭೇಟಿಯಲ್ಲೇ ಕರಾರು ಹೇಳಿದಳು.

"ಗಂಡಸರ ನೆಳ್ಳು ಬೀಳಬಾರದು. ಫೋಟೊ ಸರಕಾರಕ್ಕ ಒಂದು, ಮನಿಗಿ ಒಂದು. ಮೂರನೇದ್ದು ಇರಬಾರದು. ಹಸೀನಾಗ ಹೇಳೇನಿ, ನಿಮಗೂ ಹೇಳಾಕತ್ತೇನಿ."

"ಆಗಲ್ರಿ" ಎಂದೆ.

ಅವಳ ಹಿರಿಯ ಸೊಸೆ ನೀಲವ್ವ, ಇಪ್ಪತ್ತೆರಡರ ಪ್ರಾಯ, ಮಡಿಲಲ್ಲಿ ಆರು ತಿಂಗಳ ಕೂಸು. ಎಂದೂ ದನಿ ಎತ್ತಿ ಮಾತಾಡಿದವಳಲ್ಲ. ಒಂದು ಮಧ್ಯಾಹ್ನ ತಪಾಸಣೆಗೆ ಹೋದಾಗ ಮಗುವಿನ ತಲೆಗೆ ಕಟ್ಟುವ ಕುಂಚಿಗೆ ಹೊಲಿದು ಮುಗಿಸುತ್ತಿದ್ದಳು. ಪಡಸಾಲೆಯ ಬಾಗಿಲಿನಿಂದ ಬಿಸಿಲು ಸರಿಯಾಗಿ ಹೊಲಿಗೆ ಯಂತ್ರದ ಮೇಲೆ ಬಿದ್ದಿತ್ತು. ಹಸೀನಾಳ ರೀಲು ಮುಗಿದಿತ್ತು. "ನೀವ ತಗೀರಿ ಬಾಯಾರ" ಎಂದು ನನ್ನ ಎಡಕ್ಕೆ ಸರಿದು ನಿಂತಳು. ನಾನು ಕಿಂಡಿಗೆ ಕಣ್ಣಿಟ್ಟೆ. ನೀಲವ್ವ ಹಲ್ಲಿನಲ್ಲಿ ದಾರ ಕಚ್ಚಿ ಹಿಡಿದು ಕುಂಚಿಗೆಯನ್ನು ಎತ್ತಿ ತೋರಿಸಿದಳು.

ಹಸೀನಾ ಕೇಳಿದಳು. "ನೀಲವ್ವ, ಇದು ಕೂಸಿಗಿ ಹೊಲದದ್ದೊ, ಕುಂಬಳಕಾಯಿಗಿ ಹೊಲದದ್ದೊ?"

ನೀಲವ್ವ ದಾರ ಬಿಡದೆಯೇ ನಕ್ಕಳು. ನಾನು ಎಣಿಸಲಿಲ್ಲ. ಒತ್ತಿಬಿಟ್ಟೆ.

ಬಾಗೇವಾಡಿಯಲ್ಲಿ ಬಸ್ ನಿಲ್ದಾಣದ ಎದುರಿಗೆ ಒಂದು ಸ್ಟುಡಿಯೊ ಇತ್ತು. ಅದರ ಮುಂಗಟ್ಟಿನಲ್ಲಿ ಗಾಜಿನ ಕಪಾಟು, ಒಳಗೆ ಆರೇಳು ದೊಡ್ಡ ಚಿತ್ರಗಳು. ಮದುಮಕ್ಕಳು, ಪೈಲ್ವಾನ, ಜೊತೆಗೆ ಹಾಲಿನ ಪುಡಿಯ ಖಾಲಿ ಡಬ್ಬಿಯಲ್ಲಿ ಕೂತ ಒಂದು ಕೂಸು. ಆ ಕೂಸಿನ ಚಿತ್ರ ಹಸೀನಾಳದು. ತಾಯಿಯನ್ನು ಕೇಳಿ, ಅವಳು ಒಪ್ಪಿದ ಮೇಲೆ ಕೊಟ್ಟದ್ದು, ಒಂದು ವರ್ಷದಿಂದ ಅಲ್ಲಿತ್ತು. ಕಚೇರಿಗೆ ಹೋಗುವಾಗ ದಿನವೂ ಅದರ ಮುಂದೆ ಹಾಯಬೇಕಿತ್ತು. ಒಂದು ದಿನವೂ ನೇರವಾಗಿ ನೋಡಿದವಳಲ್ಲ, ಒಂದು ದಿನವೂ ನೋಡದೆ ಹೋದವಳಲ್ಲ.

ನನ್ನ ರೀಲು ತೊಳೆದ ದಿನ ಸ್ಟುಡಿಯೊದ ಮಾಸ್ತರರು ನೀಲವ್ವನ ಚಿತ್ರವನ್ನು ಬೇರೆ ತೆಗೆದಿಟ್ಟಿದ್ದರು.

"ಇದು ಹಸೀನಾಬಾಯಿದು ನಿಮ್ಮ ರೀಲಿನ್ಯಾಗ ಕೂಡೇತ್ರಿ."

"ನಂದ ಐತ್ರಿ."

"ನೀವು ತಗದದ್ದು?" ಅವರು ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಭಾಳ ಛಲೋ ಬಂದೈತಿ. ದೊಡ್ಡದು ಮಾಡಿ ಕಪಾಟಿನ್ಯಾಗ ಇಡ್ಲೇನ್ರಿ?"

ನೆಗೆಟಿವ್ ಅವರ ಮೇಜಿನ ಮೇಲೇ ಇತ್ತು. ನನ್ನ ನೆಗೆಟಿವುಗಳನ್ನು ನಾನು ಯಾರಿಗೂ ಕೊಡುತ್ತಿರಲಿಲ್ಲ. ಒಂದೊಂದನ್ನೂ ಲಕೋಟೆಯಲ್ಲಿ ಹಾಕಿ, ನಂಬರು ಬರೆದು, ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಗೌಡಸಾನಿಯ ಕರಾರು ನೆನಪಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಕಪಾಟಿನಲ್ಲಿ ಡಬ್ಬಿಯೊಳಗಿನ ಕೂಸೂ ಇತ್ತು.

"ಇಡ್ರಿ" ಎಂದೆ.

"ಕೆಳಗ ನಿಮ್ಮ ಹೆಸರು ಬರೀಲೇನ್ರಿ?"

"ಹೆಸರು ಬ್ಯಾಡ." ನನ್ನ ಹೆಸರು ಬೀದಿಯಲ್ಲಿ ಇರುವುದು ನನಗೆ ಸೇರುತ್ತಿರಲಿಲ್ಲ. ನೀಲವ್ವನ ಮುಖ ಬೀದಿಯಲ್ಲಿ ಇರುವುದರ ಬಗ್ಗೆ ಹಾಗೆ ಅನಿಸಲಿಲ್ಲ.

ಒಂಬತ್ತು ದಿನ ಅದು ಅಲ್ಲಿತ್ತು. ಅಷ್ಟೂ ದಿನ ನಾನು ಹತ್ತು ನಿಮಿಷ ಮೊದಲೇ ಮನೆ ಬಿಟ್ಟೆ. ಬಸ್ಸಿಗೆ ಕಾಯುವವರು ಕಪಾಟಿನ ಮುಂದೆ ನಿಂತು, ಬೇರೆಲ್ಲ ದಾಟಿ ಇದನ್ನೇ ನೋಡುತ್ತಿದ್ದರು. ಎಂಥ ನಗು ಎನ್ನುತ್ತಿದ್ದರು. ನಾನೂ ಅಪರಿಚಿತಳ ಹಾಗೆ ಅವರ ಹಿಂದೆ ನಿಂತು ನೋಡಿದೆ. ಎರಡನೆಯ ದಿನ ಒಂದು ಕಂಡುಕೊಂಡೆ. ನೀಲವ್ವನ ಕಣ್ಣು ಕ್ಯಾಮೆರಾದ ಕಡೆಗಿರಲಿಲ್ಲ. ಸ್ವಲ್ಪ ಎಡಕ್ಕೆ, ಹಸೀನಾ ನಿಂತ ಕಡೆಗೆ ಇತ್ತು. ಆ ನಗು ಅವಳಿಗೆ ಕೊಟ್ಟದ್ದು. ನಾನು ಪಕ್ಕದಲ್ಲಿದ್ದೆ, ಅಷ್ಟೆ. ಬೇರೆ ಯಾರಿಗೂ ತಿಳಿಯದ ಸಂಗತಿ ಇದು. ತಿಳಿದ ನನಗೆ ಕಪಾಟಿನ ಸುಖ ಅರ್ಧವಾಯಿತು. ಉಳಿದರ್ಧವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಒಂಬತ್ತನೆಯ ದಿನ ನೀಲವ್ವನ ಮೈದುನ ವಿಜಾಪುರದ ಬಸ್ಸಿಗೆ ಬಂದವನು ಅತ್ತಿಗೆಯನ್ನು ಗಾಜಿನೊಳಗೆ ಕಂಡ. ಮಾಸ್ತರರಿಂದ ಕಪಾಟು ತೆಗೆಸಿ, ಚಿತ್ರ ಕಸಿದುಕೊಂಡು ಹೋದ. ಸಂಜೆಯೊಳಗೆ ವಾಡೆಯ ತರಗತಿ ಮುಚ್ಚಿತು. ಮರುದಿನ ಗೌಡರು ಕಚೇರಿಗೆ ಬಂದರು. ನಾನು ಸಾಹೇಬರ ಎದುರಿಗೇ ಕೂತಿದ್ದೆ.

ಗೌಡರು ದನಿ ಏರಿಸಲಿಲ್ಲ. "ಸಾಹೇಬ್ರ, ನಮ್ಮ ಮನಿ ಸೊಸಿ ಮದಿವ್ಯಾಗಿ ನಾಕು ವರ್ಷಾತು, ಅಗಸಿ ಬಾಗಲಾ ದಾಟಿದಾಕಿ ಅಲ್ಲ. ನಿಮ್ಮ ಫೋಟೊದ ಬಾಯಿ ಆಕಿನ್ನ ಒಯ್ದು ಬಸ್ ಸ್ಟ್ಯಾಂಡಿನ್ಯಾಗ ನಿಂದ್ರಿಸ್ಯಾಳ."

"ಹಸೀನಾನ ಕೆಲಸ ಅದು" ಎಂದರು ಸಾಹೇಬರು. "ನೀವು ಮನಸ್ಸಿಗಿ ಹಚ್ಕೋಬ್ಯಾಡ್ರಿ ಗೌಡ್ರ. ಹಂಗಾಮಿ ಐತಿ ಆಕೀದು. ಈ ತಿಂಗಳಿಗಿ ಮುಗಸ್ತೇನಿ."

ತಾಲೂಕಿಗೆಲ್ಲ ಫೋಟೊದ ಬಾಯಿ ಎಂದರೆ ಹಸೀನಾ. ನನ್ನ ಕೈಯಲ್ಲೂ ಕ್ಯಾಮೆರಾ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ನೆನಪಿರಲಿಲ್ಲ. ಆ ಕ್ಷಣದಲ್ಲೂ ನನಗೆ ಮೊದಲು ಚುಚ್ಚಿದ್ದು ಅದೇ. ಬಾಯಿ ತೆರೆಯಲಿಲ್ಲ.

ಸಾಹೇಬರು ಗೌಡರ ತಕರಾರನ್ನು ‘ಮುಖ್ಯ ಸೇವಿಕೆಯ ಅಭಿಪ್ರಾಯಕ್ಕಾಗಿ’ ಎಂದು ನನಗೇ ಕಳಿಸಿದರು. ಹಸೀನಾಳ ಹೇಳಿಕೆ ಪಡೆದು ಅದರ ಕೆಳಗೆ ನನ್ನ ಮಾತು ಬರೆಯಬೇಕು. ಮೂರು ದಿನ ಕಾಗದ ಮೇಜಿನ ಮೇಲಿತ್ತು. ಮೂರನೆಯ ದಿನ ಬರೆದೆ. ‘ಸದರಿ ಸೇವಿಕೆಯ ಬಳಿ ಸ್ವಂತ ಕ್ಯಾಮೆರಾ ಇರುವುದು ನಿಜ. ಸದರಿ ಸ್ಟುಡಿಯೊದ ಕಪಾಟಿನಲ್ಲಿ ಅವರ ಚಿತ್ರವೊಂದು ಒಂದು ವರ್ಷದಿಂದ ಇರುವುದೂ ನಿಜ.’ ಎರಡು ವಾಕ್ಯ. ಎರಡರಲ್ಲೂ ಸುಳ್ಳಿಲ್ಲ. ಓದಿದವರು ಏನು ತಿಳಿಯುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ಅಚ್ಚುಕಟ್ಟಾದ ವಾಕ್ಯಗಳನ್ನು ಒಂಬತ್ತು ವರ್ಷದಲ್ಲಿ ಬೇರೆ ಬರೆದಿಲ್ಲ.

ಅಂದು ಮಧ್ಯಾಹ್ನ ಹಸೀನಾ ತನ್ನ ಹೇಳಿಕೆ ತಂದು ಕೊಟ್ಟಳು. ಅವಳದೂ ಎರಡೇ ವಾಕ್ಯ. ‘ಚಿತ್ರ ತೆಗೆಯುವಾಗ ನಾನು ಅಲ್ಲಿಯೇ ಇದ್ದೆ. ನಗಿಸಿದ್ದು ನಾನೇ.’

ತೆಗೆದವರು ಯಾರು ಎಂದು ಬರೆದಿರಲಿಲ್ಲ. ಅವಳು ನಿಂತೇ ಇದ್ದಳು.

"ಯಾರು ತಗದ್ರು ಅಂತ ಯಾಕ ಬರೀಲಿಲ್ಲ?"

"ನಿಮ್ಮ ಹೆಸರು ನೀವ ಬರೀಬೇಕ್ರಿ ಬಾಯಾರ. ನಾ ಬರದ್ರ ಚಾಡಿ ಆಗ್ತೈತಿ."

"ನಾ ಬರೀದಿದ್ರ?"

"ನಮ್ಮವ್ವ ಕೇಳ್ತಾಳ, ಯಾಕ ಬಿಡಿಸಿದ್ರು ಅಂತ. ಏನ ಹೇಳ್ಬೇಕು ಇನ್ನಾ ವಿಚಾರ ಮಾಡಿಲ್ರಿ." ಬಾಗಿಲ ಕಡೆ ತಿರುಗಿ, "ನೀಲವ್ವನ ಮಷೀನ ಅಟ್ಟಕ್ಕ ಏರಿಸ್ಯಾರಂತ" ಎಂದಳು.

ಇಷ್ಟು ಹೇಳಿ ಹೋದಳು. ಎರಡೂ ಕಾಗದ ನನ್ನ ಮುಂದಿದ್ದವು. ಅವಳದರಲ್ಲೂ ನಿಜವೇ, ನನ್ನದರಲ್ಲೂ ನಿಜವೇ. ಚಿತ್ರ ಅವಳ ಕೆಲಸ, ವಾಕ್ಯ ನನ್ನದು ಎಂದು ನಾನು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಮ್ಯಾಟ್ರಿಕ್ ಓದಿದವಳು ಅಲ್ಲಿಯೂ ನನ್ನನ್ನು ಹಿಂದೆ ಹಾಕಿದ್ದಳು. ನ್ಯಾಯ ಕಂಡು ಮನಸ್ಸು ಕರಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದದ್ದು ಹಾಗಲ್ಲ. ಅವಳ ಆ ಎರಡು ವಾಕ್ಯದ ಕೆಳಗೆ ನನ್ನ ಎರಡು ವಾಕ್ಯ ಇರುವುದನ್ನು ನೋಡಲಾರದೆ ನನ್ನದನ್ನು ಹರಿದೆ. ಹೊಸ ಹಾಳೆಯಲ್ಲಿ ಬರೆದೆ. ‘ಚಿತ್ರ ತೆಗೆದವಳು ನಾನು. ಕಪಾಟಿನಲ್ಲಿ ಇಡಲು ಒಪ್ಪಿದವಳು ನಾನು. ಮನೆಯವರ ಕರಾರು ನನಗೆ ಗೊತ್ತಿತ್ತು.’

ಸಾಹೇಬರು ಓದಿ ಕನ್ನಡಕ ತೆಗೆದರು. "ನಿಮ್ಮ ಹೆಸರು ಯಾಕ್ರಿ ನಡುವ? ಕಾಯಂ ನೌಕರಿ ನಿಮ್ಮದು. ಆಕೀದು ಹಂಗೂ ಮುಗಿಯೋದು."

"ಮುಗಿಬಾರದು ಅಂತ ಬರದೇನ್ರಿ."

"ಸರ್ವಿಸ್ ಬುಕ್ಕಿನ್ಯಾಗ ಬೀಳತೈತಿ, ನೋಡ್ರಿ."

"ಬೀಳಲ್ರಿ."

ಬಿತ್ತು. ಹಸೀನಾಳ ಹಾಳೆಯ ಮೇಲೆ ‘ಮುಂದುವರಿಸಬಹುದು’ ಎಂದೂ ಬಿತ್ತು. ತರಗತಿ ಮಾತ್ರ ಹಾಗೆಯೇ ಮುಚ್ಚಿತ್ತು. ಮುಂದಿನ ವಾರ ನಾನೊಬ್ಬಳೇ ಹೂವಿನ ಹಿಪ್ಪರಗಿಯ ಬಸ್ಸು ಹತ್ತಿ ವಾಡೆಗೆ ಹೋದೆ. ನೆಗೆಟಿವ್ ಲಕೋಟೆಯಲ್ಲಿತ್ತು, ಅದರ ಮೇಲೆ ನಾನು ಬರೆದ ನಂಬರೂ ಇತ್ತು. ಗೌಡಸಾನಿ ಒಳಗೆ ಕರೆಯಲಿಲ್ಲ. ತಾನೇ ನಡುಬಾಗಿಲಿಗೆ ಬಂದು ನಿಂತಳು. ನಡೆದದ್ದನ್ನು ಹೇಳಿದೆ. ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ.

ಅವಳು ನೆಗೆಟಿವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು.

"ಇದೊಂದ ಏನು?"

"ಇದ ರೀ. ಮತ್ತೊಂದು ಇಲ್ಲ."

ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ದೊಡ್ಡ ಚಿತ್ರ ನೀಲವ್ವನ ಮೈದುನ ತಂದಂದಿನಿಂದ ಮನೆಯಲ್ಲೇ ಇತ್ತಂತೆ. "ಗಂಡಸರು ಸುಡು ಅಂದ್ರು. ಸುಡಾಕ ಮನಸಾಗ್ಲಿಲ್ಲ. ಟ್ರಂಕಿನ್ಯಾಗ ಸೀರಿ ಬುಡಕ ಇಟ್ಟೇನಿ" ಎಂದಳು. ಆಮೇಲೆ ಕೇಳಿದಳು. "ಅವತ್ತು ಹಂಗ ನಕ್ಕಳಲ್ಲ, ನೀವೇನ ಅಂದ್ರಿ ಆಕಿಗಿ?"

"ನಾ ಏನೂ ಅನ್ಲಿಲ್ರಿ. ಹಸೀನಾ ಅಂದಿದ್ರು."

ಗೌಡಸಾನಿ ತಲೆಯಾಡಿಸಿದಳು. "ನಗಿಸಿದಾಕಿ ಬರ್ಲಿ. ಸೋಮವಾರದಿಂದ ಮಷೀನ ಕೆಳಗ ಇಳಸ್ತೇವಿ. ತಗದಾಕಿ ಒಳಗ ಬರೂದು ಬ್ಯಾಡ."

ಬಾಗೇವಾಡಿಯಲ್ಲಿ ಇನ್ನೂ ಒಂದು ವರ್ಷ ಇದ್ದೆ. ತಿಂಗಳಿಗೊಮ್ಮೆ ಆ ತರಗತಿಯ ತಪಾಸಣೆ ಮಾಡುವುದು ನನ್ನ ಕೆಲಸ. ಬಿಡುವಂತಿರಲಿಲ್ಲ. ವಾಡೆಯ ಹೊರಗಟ್ಟೆಯ ಮೇಲೆ ಕೂಡುತ್ತಿದ್ದೆ. ಹಸೀನಾ ಹಾಜರಿ ಪುಸ್ತಕ ತಂದು ಕೊಡುತ್ತಿದ್ದಳು, ಹೊಲಿದ ಬಟ್ಟೆಗಳನ್ನು ಮೊರದಲ್ಲಿಟ್ಟು ತಂದು ತೋರಿಸುತ್ತಿದ್ದಳು. ನಾನು ಹೊಲಿಗೆ ನೋಡಿ, ಹೆಸರು ಎಣಿಸಿ, ಸಹಿ ಮಾಡಿ ಕೊಡುತ್ತಿದ್ದೆ. ಹದಿನಾಲ್ಕು ಇದ್ದದ್ದು ಹತ್ತೊಂಬತ್ತು ಆಗಿತ್ತು. ಅವಳು ಪುಸ್ತಕ ತೆಗೆದುಕೊಂಡು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಅಷ್ಟೂ ಮಂದಿ ನಗುವುದು ಕೇಳಿಸುತ್ತಿತ್ತು. ಅದರಲ್ಲಿ ನೀಲವ್ವನದು ಯಾವುದೆಂದು ಗುರುತು ಹಿಡಿಯುವಷ್ಟು ದಿನ ಅಲ್ಲಿ ಕೂತೆ. ಏನು ಹೇಳಿ ನಗಿಸಿದಿರಿ ಎಂದು ಒಮ್ಮೆಯೂ ಕೇಳಲಿಲ್ಲ. ಬಸ್ಸು ಬರುವ ತನಕ ಕಟ್ಟೆ ಬಿಟ್ಟು ಏಳಲೂ ಇಲ್ಲ.